ಬಿಚ್ಚಿಕೊಟ್ಟ ಹೆಲಿಕಾಪ್ಟರ್

ಸೇನಾ ನೆಲೆಯ ಮೂಲೆಯಲ್ಲಿ ನಿಂತಿದ್ದ ಮುದಿ ಹೆಲಿಕಾಪ್ಟರಿನ ನೆತ್ತಿಯ ಮೇಲೆ ಹದ್ದೊಂದು ಬಂದು ಕೂತಿತು. ಮೆಕ್ಯಾನಿಕ್‌ಗಳು ಅದರ ಬಿಡಿಭಾಗಗಳನ್ನೆಲ್ಲ ಬಿಚ್ಚಿಕೊಂಡು ಹೋಗಿದ್ದರು. ಹದ್ದಿಗೆ ನಗು ಬಂತು.

“ಅಜ್ಜಾ, ರೆಕ್ಕೆಯೂ ಹೋಯಿತು, ಎಂಜಿನ್ನೂ ಹೋಯಿತು. ಇನ್ನು ನಿನಗೆ ಆಕಾಶ ಬರೀ ಕನಸು.”

“ತುಸು ತಾಳು,” ಎಂದಿತು ಹೆಲಿಕಾಪ್ಟರ್.

ಎದುರಿನ ಬಯಲಿನಲ್ಲಿ ಇನ್ನೊಂದು ಹೆಲಿಕಾಪ್ಟರ್ ಹುಲ್ಲನ್ನೆಲ್ಲ ನೆಲಕ್ಕೊರಗಿಸುತ್ತ ಮೇಲೆದ್ದು, ಉಕ್ಕಿದ ಹೊಳೆಯಾಚೆಗೆ ಹೋಯಿತು. ಮರಳಿ ಬಂದಾಗ ಅದರ ಹೊಟ್ಟೆಯಿಂದ ನೆರೆಯಲ್ಲಿ ಸಿಕ್ಕಿದ್ದ ಒಂದು ಊರೇ ಇಳಿಯಿತು. ಮುದುಕರು, ಬಸುರಿಯರು, ಕೂಸುಗಳು, ಕೊನೆಗೊಂದು ಮೇಕೆ.

“ಅದರೊಳಗೆ ಮಿಡಿಯುತ್ತಿರುವುದು ನನ್ನ ಎಂಜಿನ್,” ಎಂದಿತು ಮುದಿ ಹೆಲಿಕಾಪ್ಟರ್.

ಹದ್ದು ಬೆರಗಾಗಿ ತಲೆಬಾಗಿತು. “ಹುಟ್ಟಿದಾಗಿನಿಂದ ಹಾರುತ್ತಿದ್ದೇನೆ ಅಜ್ಜಾ. ನಾನು ಎತ್ತಿಕೊಂಡು ಹೋದ ಒಂದು ಜೀವವೂ ಬದುಕಿ ಕೆಳಗಿಳಿದಿಲ್ಲ.”