ರುಚಿ ನೋಡದ ಅಡುಗೆಮನೆ

ಪಾಠಶಾಲೆಯ ಉಸ್ತುವಾರಿ ಹೊತ್ತಿದ್ದ ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಮೊದಲು ನಾನು ಏನು ಮಾಡಹೊರಟರೂ ಜೊತೆಯವರು ತಕರಾರು ತೆಗೆಯುತ್ತಿದ್ದರು. ಈಗ ಎಲ್ಲದಕ್ಕೂ ಹೂಂ ಅನ್ನುತ್ತಾರೆ. ಕೆಲಸ ಬೇಗ ಮುಗಿಯುತ್ತದೆ. ಆದರೂ ಆ ಹಳೆಯ ಗದ್ದಲವೇ ಚೆನ್ನಾಗಿತ್ತು ಅನ್ನಿಸುತ್ತದೆ. ಅದನ್ನು ಮತ್ತೆ ತರುವುದು ಹೇಗೆ?"

ಗುರುಗಳು ಒಂದು ಕತೆ ಹೇಳಿದರು.

ಒಂದು ದೇವಸ್ಥಾನದ ಅಡುಗೆಮನೆ. ನೈವೇದ್ಯ ಆಗುವವರೆಗೆ ಅಲ್ಲಿ ಯಾರೂ ಅಡುಗೆಯ ರುಚಿ ನೋಡುವಂತಿಲ್ಲ. ಉಪ್ಪು ಹುಳಿಗಳನ್ನು ಮೂಗಿನಿಂದಲೇ ತಿಳಿಯಬೇಕು. ಒಬ್ಬನ ಮೂಗನ್ನು ನಂಬುವುದು ಕಷ್ಟ. ಹಾಗಾಗಿ ಹುಳಿ ಕುದಿ ಬಂದೊಡನೆ ಅಡುಗೆಯವರೆಲ್ಲ ಕೊಪ್ಪರಿಗೆಯ ಸುತ್ತ ಸೇರುತ್ತಿದ್ದರು.

"ಇದಕ್ಕೆ ಉಪ್ಪೇ ಬಿದ್ದಿಲ್ಲ ಕಣೋ."

"ನಿನ್ನ ಮೂಗು ಕಟ್ಟಿದೆ, ಹೋಗಿ ಶುಂಠಿ ಕಷಾಯ ಕುಡಿ. ಬೆಲ್ಲ ಕಮ್ಮಿ, ಅಷ್ಟೇ."

ಈ ಗಲಾಟೆ ಪ್ರದಕ್ಷಿಣೆ ಹಾಕುವವರಿಗೂ ಕೇಳುತ್ತಿತ್ತು. ಅವರು ನಕ್ಕು ಮುಂದೆ ಹೋಗುತ್ತಿದ್ದರು.

ಅಡುಗೆಮನೆ ನೋಡಿಕೊಳ್ಳುತ್ತಿದ್ದ ದೊಡ್ಡ ಭಟ್ಟರಿಗೆ ವಯಸ್ಸಾಯಿತು. ಸೌಟು ಅವರ ತಮ್ಮನ ಮಗನ ಕೈಗೆ ಬಂತು. ಅವನು ಜಾಣ. ಅವನ ಮೂಗು ತಪ್ಪುತ್ತಿದ್ದುದು ಅಪರೂಪ. ಯಾರಾದರೂ ಬೇರೆ ಮಾತಾಡಿದರೆ, ಅವರದು ಹೇಗೆ ತಪ್ಪು ಎಂದು ಸಮಾಧಾನವಾಗಿ ವಿವರಿಸುತ್ತಿದ್ದ. ಒಂದು ದಿನವೂ ಕೋಪ ಮಾಡಿಕೊಂಡವನಲ್ಲ. ನಿಧಾನವಾಗಿ ಅಡುಗೆಯವರು ಕೊಪ್ಪರಿಗೆಯ ಹತ್ತಿರ ಬರುವುದನ್ನು ಬಿಟ್ಟರು.

ಒಂದು ಹಬ್ಬದ ದಿನ ಉಪ್ಪಿಲ್ಲದ ಹುಳಿ ದೇವರ ಮುಂದೆ ಹೋಯಿತು. ನೈವೇದ್ಯವಾಯಿತು, ಎಲೆ ಹಾಕಿದರು. ಊಟಕ್ಕೆ ಕೂತವರ ಕೈಗಳು ಮೊದಲ ತುತ್ತಿಗೇ ನಿಂತವು. ಇನ್ನೊಮ್ಮೆ ಹೀಗಾದರೆ ಅಡುಗೆಮನೆ ಬೇರೆಯವರ ಪಾಲಾಗುತ್ತದೆ ಎಂದು ದೇವಸ್ಥಾನದವರು ಹೇಳಿದರು.

"ನಿಮಗ್ಯಾರಿಗೂ ತಿಳಿಯಲಿಲ್ಲವೇ?" ಎಂದು ಅವನು ಒಳಗೆ ಬಂದು ಕೇಳಿದ.

"ತಿಳಿಯಿತು," ಎಂದ ಒಬ್ಬ. "ನೀವು ಸರಿಯಿದೆ ಅಂದಿರಿ. ನಾವು ಸುಮ್ಮನಾದೆವು."

ನಾಳೆಯಿಂದ ಎಲ್ಲರೂ ಅನ್ನಿಸಿದ್ದನ್ನು ಹೇಳಲೇಬೇಕು ಎಂದು ಅವನು ಅಪ್ಪಣೆ ಮಾಡಿದ. ಮಾರನೆಯ ದಿನ ಎಲ್ಲರನ್ನೂ ಕರೆದು ಕೇಳಿದ. ಎಲ್ಲರೂ ಬಗ್ಗಿ ಮೂಸಿದರು. ಒಂದೇ ದನಿಯಲ್ಲಿ "ಚೆನ್ನಾಗಿದೆ" ಎಂದರು. ಅವನಿಗೆ ನಿಜವಾಗಿ ಹೆದರಿಕೆಯಾದದ್ದು ಆಗ.

ಅವನು ದೊಡ್ಡಪ್ಪನ ಬಳಿ ಹೋದ. "ದೊಡ್ಡಪ್ಪ, ನಿಮ್ಮ ಕಾಲದಲ್ಲಿ ಎಂಥ ಗಲಾಟೆ ಇರುತ್ತಿತ್ತು! ಅದನ್ನು ಹೇಗೆ ಎಬ್ಬಿಸುತ್ತಿದ್ದಿರಿ?"

ಮುದುಕರ ಮುಖ ಅರಳಿತು. ಒಬ್ಬೊಬ್ಬ ಅಡುಗೆಯವನ ಹೆಸರು ಹಿಡಿದು, ಅವನು ತಮ್ಮನ್ನು ಹೇಗೆ ಛೇಡಿಸುತ್ತಿದ್ದ ಎಂದು ಹೇಳಿ ಹೇಳಿ ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದರು: "ನಾನೇನೂ ಎಬ್ಬಿಸಲಿಲ್ಲ ಮಗಾ. ಅವರ ಮಾತು ಸರಿ ಅನ್ನಿಸಿದಾಗ, 'ಸೋತೆ ಕಣ್ರಯ್ಯಾ' ಅಂತ ಸೌಟು ಅವರ ಕೈಗೆ ಕೊಟ್ಟು ಈಚೆ ಬರುತ್ತಿದ್ದೆ. ಮಾರನೆಯ ದಿನ ಇನ್ನೂ ಜೋರಾಗಿ ಬರುತ್ತಿದ್ದರು."

ಗುರುಗಳು ಕತೆ ನಿಲ್ಲಿಸಿದರು.

"ಆ ಅಡುಗೆಮನೆ ಅವನ ಕೈಯಲ್ಲಿ ಉಳಿಯಿತೇ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನನ್ನೇ ನೋಡುತ್ತ ಕೇಳಿದರು: "ನಿನ್ನ ಜೊತೆಯವರ ಎದುರು ನೀನು ಕೊನೆಯ ಸಲ ಸೋತದ್ದು ಯಾವಾಗ?"