ಗೋಡೆ ಗಟ್ಟಿ ಐತಿ ಅಂತ ಬರಿ

ಫಕೀರಪ್ಪ ಡೀಸೆಲ್ ಡಿಪೋದ ಗುಮಾಸ್ತ. ಟ್ಯಾಂಕಿನ ಸುತ್ತಲಿನ ತಡೆಗೋಡೆ ಬಿರುಕು ಬಿಟ್ಟಿತ್ತು. ಎಣ್ಣೆ ಸೋರಿದರೆ ನೇರ ಕೆಳಗಿನ ಓಣಿಯ ಬಾವಿಗೇ. ತಪಾಸಣೆಯವರು ಬರಲು ಒಂದೇ ತಾಸು ಉಳಿದಿತ್ತು.

“ಗೋಡೆ ಗಟ್ಟಿ ಐತಿ ಅಂತ ಬರದು ಸಹಿ ಹಾಕು. ಇಲ್ಲಾಂದ್ರ ಮನಿಗೆ ನಡಿ,” ಎಂದು ಗುಡುಗಿದರು ಮ್ಯಾನೇಜರ್ ಶೇಷಗಿರಿರಾಯರು.

ಫಕೀರಪ್ಪನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಎರಡು ಸಲ ಗೋಡೆ ಸುತ್ತಿ ಬಂದ.

“ಹಾಕ್ತೀನ್ರೀ ಸಾಹೇಬ್ರ. ಗೋಡೆಗೂ ಟ್ಯಾಂಕಿಗೂ ನಡುವ ನೀರು ತುಂಬಸ್ತೀನಿ. ಹೊರಗ ನಿಮ್ಮ ಹೊಸ ಕಾರು ಗೋಡೆ ಬುಡಕ್ಕ ನಿಲ್ಲಸ್ರಿ. ಅದಕ್ಕ ಏನೂ ಆಗದಿದ್ರ ಸಹಿ.”

“ಹುಚ್ಚೇನೋ! ಬಿರುಕು ಬಿಟ್ಟ ಗೋಡೆ, ಕಾರಿನ ಮ್ಯಾಲ ಬಿದ್ದರ?”

ಫಕೀರಪ್ಪ ಸರಸರ ತಪಾಸಣೆ ಪುಸ್ತಕದಲ್ಲಿ ಬರೆದ. “‘ಬಿರುಕು ಬಿಟ್ಟ ಗೋಡೆ’ ಅಂತ ಸಾಹೇಬ್ರು ಹೇಳಿದ್ದನ್ನ ಹಂಗ ಬರದೀನ್ರೀ. ಸಹಿ ನೀವು ಹಾಕ್ತೀರೋ, ನಾ ಹಾಕಲೋ?”

ಹೊರಗೆ, ಹೊತ್ತಿಗೆ ಮೊದಲೇ ಬಂದ ತಪಾಸಣೆಯವರ ಜೀಪಿನ ಹಾರ್ನ್ ಕೇಳಿಸಿತು. ರಾಯರು ಹಣೆ ಒರೆಸಿಕೊಂಡರು.

“ನೀನ ಹಾಕೋ ಮಾರಾಯಾ. ನಾ ಗೋಡೆ ಕಟ್ಟೋ ಗೌಂಡಿಗೆ ಫೋನ್ ಹಚ್ತೀನಿ.”