ಅಳಿಲು ನುಡಿದ ಸಾಕ್ಷಿ

ಹುಣಸೆಮರದ ಬುಡದ ಪೊದೆಯಲ್ಲಿ ಗೌಜಲಹಕ್ಕಿ ಇಟ್ಟಿದ್ದ ನಾಲ್ಕು ಮೊಟ್ಟೆಗಳು ಒಂದು ಮಧ್ಯಾಹ್ನ ಮಾಯವಾದವು. ಆಗ ಮರದ ಮೇಲಿದ್ದದ್ದು ಅಳಿಲು ಒಂದೇ. ಪಂಚಾಯಿತಿ ಸೇರಿತು. ಮುಂಗುಸಿಯ ಮೇಲೆ ಮೊದಲಿನಿಂದಲೂ ಅನುಮಾನವಿದ್ದ ಕಾಗೆ ಗಂಟಲು ಸರಿಮಾಡಿಕೊಂಡು ಕೇಳಿತು: "ಓಡಿಹೋದ ಮುಂಗುಸಿಯ ಬಾಲ ದಪ್ಪಗಿತ್ತೋ, ತೆಳ್ಳಗಿತ್ತೋ?"

ಅಳಿಲಿಗೆ ಮುಂಗುಸಿಯ ನೆನಪೇ ಇರಲಿಲ್ಲ. ಆದರೆ ಇಷ್ಟು ದೊಡ್ಡವರು ಕೇಳುವಾಗ ಗೊತ್ತಿಲ್ಲ ಎನ್ನುವುದು ಹೇಗೆ? "ದಪ್ಪಗಿತ್ತೇನೋ" ಎಂದಿತು. ಎರಡನೇ ಸಲ ಕೇಳಿದಾಗ "ದಪ್ಪಗಿತ್ತು" ಎಂದಿತು. ಮೂರನೇ ಸಲಕ್ಕೆ ಆ ಬಾಲ ಅದರ ಕಣ್ಣಿಗೇ ಕಟ್ಟಿತು. ಮುಂಗುಸಿಯನ್ನು ಮರಿಗಳ ಸಮೇತ ಬಯಲಾಚೆ ಓಡಿಸುವುದೆಂದು ತೀರ್ಮಾನವಾಯಿತು.

"ಸ್ವಲ್ಪ ತಾಳಿ" ಎಂದಿತು ಮುದಿ ಆಮೆ. "ಮಗಳೇ, ಆವತ್ತು ಕೂತಿದ್ದ ಕೊಂಬೆಗೇ ಹೋಗಿ ಕೂರು. ನಾನೇನೂ ಕೇಳುವುದಿಲ್ಲ. ನೆನಪಾದದ್ದನ್ನು ಹೇಳು, ನೆನಪಾಗದ್ದನ್ನು ಬಿಟ್ಟುಬಿಡು."

ಅಳಿಲು ಕೊಂಬೆಯ ಮೇಲೆ ಕೂತು ಕಣ್ಣು ಮುಚ್ಚಿತು. "ಹುಣಸೆಕಾಯಿ ಕಚ್ಚುತ್ತಿದ್ದೆ. ಹುಳಿಗೆ ಹಲ್ಲು ಜುಮ್ಮೆಂದಿತು. ಕೆಳಗೆ ತರಗೆಲೆ ಸದ್ದಾಯಿತು. ಹೆಜ್ಜೆ ಸದ್ದಲ್ಲ, ಉದ್ದಕ್ಕೆ ಎಳೆದ ಹಾಗೆ, ಸರ್ರನೆ. ಅಯ್ಯೋ, ಅದಕ್ಕೆ ಕಾಲೇ ಇರಲಿಲ್ಲ!"

ಎಲ್ಲರೂ ಹಾವಿನ ಹುತ್ತದ ಕಡೆ ತಿರುಗಿದರು.

"ಹಾಗಾದರೆ ಆ ಬಾಲ?" ಕಾಗೆ ಗದರಿತು. "ನಮಗೇ ಸುಳ್ಳು ಹೇಳಿದೆಯಾ?"

"ಸುಳ್ಳಲ್ಲ, ಸ್ವಾಮಿ. ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತದೆ" ಎಂದಿತು ಅಳಿಲು. "ಆದರೆ ಅದು ಆವತ್ತು ಕಂಡದ್ದಲ್ಲ. ನೀವು ಕೇಳಿದ ಮೇಲೆ ಬಂದದ್ದು."